ಕೆಮ್ಮುವ ಚಳಿಗಾಲದ ಕೊನೆಯ ಪುಟ

ವಾಲ್-ಒನೋರೆ, ಉತ್ತರ ಒಂಟಾರಿಯೊ
ಭಾನುವಾರ, 27 ಫೆಬ್ರವರಿ 1994

ಪ್ರೀತಿಯ ಮಗಳೇ ಮಾರೀಸ್,

ಮೊದಲು ನಿನ್ನ ಕಿವಿ ಹೇಗಿದೆ ಹೇಳು. ಹಿಮ ಹೊಡೆದು ಎಡಗಿವಿಯ ಅಂಚು ಕಪ್ಪಾಗಿದೆ ಎಂದು ಹೋದ ಕಾಗದದಲ್ಲಿ ಒಂದೇ ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟೆ. ಊರಿನವರ ಗಾಯಕ್ಕೆಲ್ಲ ಮದ್ದು ಹಚ್ಚುವ ನರ್ಸಮ್ಮ ತನ್ನ ಕಿವಿಗೆ ಟೋಪಿ ಎಳೆದುಕೊಳ್ಳಲಿಲ್ಲವೆಂದರೆ ಏನು ಹೇಳಲಿ? ನಿಮ್ಮಮ್ಮ ಹೆಣೆದ ಉಣ್ಣೆಯ ಟೋಪಿ ಒಂದು ಪೊಟ್ಟಣದಲ್ಲಿ ಹೊರಟಿದೆ, ಜೊತೆಗೆ ಕಾಕಂಬಿ ಬಿಸ್ಕತ್ತು. ನಿಮ್ಮ ಉತ್ತರದ ತುದಿಯ ವಿಮಾನ ಹವೆ ನೋಡಿಕೊಂಡು ಹಾರುವುದರಿಂದ ಬಿಸ್ಕತ್ತು ಕಲ್ಲಾಗಿ ತಲುಪಬಹುದು, ಚಹಾದಲ್ಲಿ ಅದ್ದಿಕೋ. ಇಲ್ಲಿ ಎಲ್ಲರೂ ಆರೋಗ್ಯ. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ಗೊಣಗುತ್ತದೆ. ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ, ಉಪ್ಪು ಕಮ್ಮಿ ಮಾಡಿದ್ದಾಳೆ, ಅದರಿಂದಾಗಿ ಬಟಾಣಿ ಸಾರು ಆಸ್ಪತ್ರೆಯ ಸಾರಿನಂತಾಗಿದೆ. ಇದನ್ನು ನಾನು ಬರೆದೆನೆಂದು ಅವಳಿಗೆ ಹೇಳಬೇಡ.

ಈಗ ಸುದ್ದಿ. ಅಮ್ಮನ ಹೊಸ ನಾಟಕವನ್ನು ಒಟ್ಟಾವದ ಮಕ್ಕಳ ನಾಟಕೋತ್ಸವಕ್ಕೆ ಕರೆದಿದ್ದಾರೆಂದು ಕ್ರಿಸ್‌ಮಸ್ ಕಾಗದದಲ್ಲಿ ತಿಳಿಸಿದ್ದೆನಲ್ಲ. ಮೇ ಏಳನೇ ತಾರೀಖು ಶನಿವಾರ ಮಧ್ಯಾಹ್ನದ ಆಟ. ಅಷ್ಟು ದೊಡ್ಡ ರಂಗಮಂದಿರದಲ್ಲಿ ಅವಳ ಮಕ್ಕಳ ನಾಟಕ ಆಡುವುದು ಇದೇ ಮೊದಲು. ಹದಿನೈದು ದಿನದ ಹಿಂದೆ ಅಲ್ಲಿಯ ನಿರ್ದೇಶಕಿ ಫೋನ್ ಮಾಡಿ, ಲೇಖಕಿಯ ಜೀವನ ಮತ್ತು ಕೃತಿಗಳ ಬಗ್ಗೆ ಒಂದು ಪುಟ ಬೇಕು, ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸುತ್ತೇವೆ ಎಂದರು. ಅಮ್ಮ ಫೋನಿನ ಮೇಲೆ ಕೈ ಮುಚ್ಚಿ, "ಔರೆಲ್, ಜೀವಮಾನ ಪೂರ್ತಿ ಪತ್ರಿಕೇಲಿ ಬೇರೆಯವರ ಸಾವಿನ ಸುದ್ದಿ ಬರೆದೆಯಲ್ಲ, ನಂದೂ ಒಂದು ಬರೆದುಕೊಡು. ಬದುಕಿರುವಾಗಲೇ ಓದ್ಕೋತೀನಿ" ಎಂದಳು. ಬರೆದೆ. ಅರ್ಧ ಹೊಡೆದುಹಾಕಿದಳು. ಹೊಡೆದುಹಾಕಿದ್ದೇ ಒಳ್ಳೆಯ ಭಾಗ ಎಂದು ನನಗೆ ಅನ್ನಿಸುವುದರಿಂದ ಅದನ್ನು ನಿನಗಾದರೂ ಬರೆಯುತ್ತೇನೆ.

ಉಳಿಸಿದ ಭಾಗ ಇದು: ಫ್ಲೊರೆಟ್ ಗ್ರೆನಿಯೆ, ಒಂದೇ ಕೋಣೆಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ ಕ್ರಿಸ್‌ಮಸ್‌ಗೆಂದು ಮೊದಲ ಪ್ರಹಸನ ಬರೆದರು, ಆಮೇಲೆ ದೊಡ್ಡವರಿಗಾಗಿ ನಾಟಕಗಳು, ಆಮೇಲೆ ಮಕ್ಕಳ ಪುಸ್ತಕಗಳು, ಮಕ್ಕಳ ನಾಟಕಗಳು. ಎಲ್ಲವೂ ಫ್ರೆಂಚಿನಲ್ಲಿ, ಎಲ್ಲವೂ ಇದೇ ಅಡುಗೆಮನೆಯ ಮೇಜಿನ ಮೇಲೆ. ಹೊಡೆದುಹಾಕಿದ ಭಾಗ: ಮರದ ಮಿಲ್ಲಿನ ಮುಷ್ಕರದ ಬಗ್ಗೆ ಅವಳು ಬರೆದ ನಾಟಕ ಸಡ್‌ಬರಿಯಲ್ಲಿ ಮೂರು ವಾರ ಓಡಿತು, ಮಾಂಟ್ರಿಯಲ್ಲಿನ ಒಬ್ಬ ವಿಮರ್ಶಕ ಅದನ್ನು ನೋಡಿ "ದೂರದ ಊರಿನ ಪ್ರಾಮಾಣಿಕ ಪ್ರಯತ್ನ" ಎಂದು ಬರೆದ, ಅವಳು ಆ ತುಣುಕನ್ನು ಕತ್ತರಿಸಿ, ನೀನು ಸಾಕಿದ್ದ ಮೊಲದ ಗೂಡಿಗೆ ಹಾಸಿದಳು. ಅದೇ ಚಳಿಗಾಲ ನಿನಗೆ ದಡಾರ ಬಂತು. ಕತ್ತಲು ಮಾಡಿದ ಕೋಣೆಯಲ್ಲಿ ಹತ್ತು ದಿನ ನಿನ್ನನ್ನು ಮಲಗಿಸಬೇಕಿತ್ತು, ಓದಿ ಹೇಳಲು ಬೆಳಕಿಲ್ಲ. ಆದ್ದರಿಂದ ಕತೆ ಕಟ್ಟಿ ಹೇಳಿದಳು. ನೀನು "ಅದಲ್ಲ, ನಿನ್ನೆ ಬೇರೆ ಹೇಳಿದ್ದೆ" ಎಂದು ತಿದ್ದುತ್ತಿದ್ದೆ. ಬೆಳಕು ಬಿಡಬಹುದೆಂದು ಡಾಕ್ಟರು ಹೇಳುವ ಹೊತ್ತಿಗೆ ಅವಳ ಮೊದಲ ಮಕ್ಕಳ ಪುಸ್ತಕ ಸಿದ್ಧವಾಗಿತ್ತು. ಆಮೇಲೆ ಅವಳು ದೊಡ್ಡವರ ಕಡೆ ತಿರುಗಲಿಲ್ಲ.

ಅದಕ್ಕೆ ಊರು ಅವಳನ್ನು ಪೂರ್ತಿ ಕ್ಷಮಿಸಿಲ್ಲ. ಹೋದ ವರ್ಷದ ಸನ್ಮಾನದ ಊಟದಲ್ಲಿ ಮೇಯರ್ ಎದ್ದು ನಿಂತು, "ಫ್ಲೊರೆಟ್ ಅವರೇ, ಮತ್ತೆ ಒಂದು ನಿಜವಾದ ನಾಟಕ ಯಾವಾಗ?" ಎಂದು ಕೇಳಿದ್ದು ನೆನಪಿದೆಯಾ? ನೀನೂ ಅಲ್ಲಿದ್ದೆ. "ದೊಡ್ಡವರು ಬೇಜಾರಾದ್ರೆ ಕೆಮ್ತಾರೆ, ಮಕ್ಕಳು ಬೇಜಾರಾದ್ರೆ ಎದ್ದು ಹೋಗ್ತಾರೆ. ಯಾರಿಗೆ ಬರೆಯೋದು ಕಷ್ಟ ನೀವೇ ಹೇಳಿ" ಎಂದು ಅವಳು ಕೂತಲ್ಲಿಂದಲೇ ಹೇಳಿದಳು. ಮೇಯರ್ ಕೆಮ್ಮಿದರು. ಇಡೀ ಮೇಜು ನಕ್ಕಿತು.

ಅವಳ ಕೆಲಸದ ರೀತಿ ನಿನಗೆ ಹೊಸದಲ್ಲ, ಆದರೆ ಮುಂದಿನ ಸಂಗತಿ ಅದರ ಮೇಲೆಯೇ ನಿಂತಿರುವುದರಿಂದ ಮತ್ತೆ ಬರೆಯುತ್ತೇನೆ. ಮೊದಲ ಆಟದ ದಿನ ದೀಪ ಆರಿದ ಮೇಲೆ ಅವಳು ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಬರುತ್ತಾಳೆ, ಕೊನೆಯ ಸಾಲಿನಲ್ಲಿ ಕೂತು ಕಣ್ಣು ಮುಚ್ಚುತ್ತಾಳೆ. ನೋಡುವುದಿಲ್ಲ. ನಮ್ಮ ಮಕ್ಕಳಿಗೆ ವೇದಿಕೆಯ ಕಡೆ ಮುಖ ಮಾಡಿ ಕೂರುವುದನ್ನು ಶಾಲೆಯಲ್ಲಿ ಕಲಿಸಿರುತ್ತಾರೆ, ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಅಂಡು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ವಾದ. ಮಡಚುವ ಕುರ್ಚಿಗಳ ಕಿರುಗುಟ್ಟುವಿಕೆಯನ್ನು ಕೇಳಿಸಿಕೊಳ್ಳುತ್ತಾಳೆ. ಎಲ್ಲಿ ಸದ್ದಾಯಿತೋ ಅಲ್ಲಿ ಮಾತು ಉದ್ದವಾಗಿದೆ ಅಥವಾ ಸುಳ್ಳಾಗಿದೆ. ದೀಪ ಹತ್ತುವ ಮೊದಲೇ ಎದ್ದು ಮನೆಗೆ ಬಂದು ಆ ಭಾಗ ಕತ್ತರಿಸುತ್ತಾಳೆ. ಇಷ್ಟು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಹೊಸ ನಾಟಕದ ಹೆಸರು "ಕೆಮ್ಮುವ ಚಳಿಗಾಲ". ಚಳಿಗಾಲ ಎಂಬುವನು ಉತ್ತರದ ತುದಿಯಲ್ಲಿ ಒಂಟಿಯಾಗಿ ವಾಸಿಸುವ ಮುದುಕ. ಅವನಿಗೆ ಎಂಥದೋ ಕೆಮ್ಮು, ಕೆಮ್ಮಿದಾಗಲೆಲ್ಲ ಇಲ್ಲಿ ಹಿಮಗಾಳಿ. ಒಬ್ಬ ಹುಡುಗಿ ಅವನಿಗೆ ಮದ್ದು ಮಾಡಲು ಹೊರಡುತ್ತಾಳೆ. ಎದೆಗೆ ಸಾಸಿವೆ ಪಟ್ಟು ಹಾಕುತ್ತಾಳೆ, ಬೈಯುತ್ತಾಳೆ, ಹಟ ಮಾಡಿದಾಗ ಕಿವಿ ಹಿಂಡುತ್ತಾಳೆ. ಮುದುಕನಿಗೆ ವಾಸಿಯಾಗುತ್ತದೆ, ಆದರೆ ಅವಳನ್ನು ಬಿಡಲು ಮನಸ್ಸಿಲ್ಲ, ಅವಳಿಗೂ ಅಲ್ಲಿ ಒಗ್ಗಿಹೋಗಿದೆ. ಕೊನೆಯ ಪುಟದಲ್ಲಿ ಅವಳು ಮನೆಗೆ ಬರುತ್ತಾಳೆ. ನಾಟಕದ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೂ ಉತ್ತರಕ್ಕೆ ಹೋದ ನರ್ಸ್ ಹುಡುಗಿ ಯಾರೆಂದು ಕೇಳುವಷ್ಟು ದಡ್ಡನೂ ಅಲ್ಲ. ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫೆಬ್ರವರಿ ಹದಿನೇಳರ ಗುರುವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಮೊದಲ ಆಟ. ಹೊರಗೆ ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗೆ. ಎಂಜಿನ್ ಬೆಚ್ಚಗಿಡಲು ಕಾರುಗಳ ತಂತಿಯನ್ನೆಲ್ಲ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೂ ಅರ್ಧ ಕಾರು ಶುರುವಾಗಿರಲಿಲ್ಲ. ಅಂಥ ದಿನವೇ ಸಭಾಂಗಣವನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಕೂತಿತ್ತು. ಒವಿಲಾ ನಿನಗೆ ಗೊತ್ತಲ್ಲ, ಈಗ ಸಭಾಂಗಣ ಸಮಿತಿಗೆ ಅವನೇ ಅಧ್ಯಕ್ಷ, ದುಡ್ಡು ಕಟ್ಟಿ ಆಡುವ ಬಿಂಗೊ ರಾತ್ರಿಗಳಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾಯ್ಲರ್ ಸರಿಯಿರಬೇಕೆಂದು ಅವನಿಗೆ ಅನ್ನಿಸುವುದಿಲ್ಲ. ಶಾಲಾ ಬಸ್ಸು ಬಂದಾಗಿತ್ತು. ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದ ನನ್ನ ಪಕ್ಕ ನಿಂತು ಅವನು, "ಯಾರೂ ಏನೂ ಬಿಚ್ಚಬೇಡ್ರೋ, ಬಂದ ಹಾಗೇ ಕೂತ್ಕೊಳ್ಳಿ, ಟೋಪಿ ತೆಗೆದವರ ಕಿವಿ ಉದುರಿದ್ರೆ ಸಮಿತಿ ಜವಾಬ್ದಾರಿ ಅಲ್ಲ" ಎಂದು ಕೂಗಿದ. ಮಕ್ಕಳು ನಕ್ಕು, ಬಂದ ಹಾಗೇ ಕೂತವು. ನಾಟಕ ಶುರುವಾಗುವ ಮುಂಚೆ ವೇದಿಕೆಯ ಹಲಗೆಗೆ ಕೋಲಿನಿಂದ ಬಡಿಯುವ ಮೂರು ಬಡಿತವನ್ನೂ ಅವನೇ ಬಡಿದ. ಪರದೆಯ ಹಿಂದೆ ನೀನು ನಿಂತು ಬಡಿಯುತ್ತಿದ್ದ ಅದೇ ಮುರಿದ ಹಾಕಿ ಕೋಲು, ಅದೇ ಕೆಂಪು ಬಟ್ಟೆ ಸುತ್ತಿದ್ದು. ಆದರೆ ಒವಿಲಾ ಬಡಿದರೆ ಬೇಲಿಗೂಟ ಹೊಡೆದ ಹಾಗಿರುತ್ತದೆ. ದೀಪ ಆರಿತು, ಅಮ್ಮ ಹಿಂಬಾಗಿಲಿನಿಂದ ಬಂದು ಕೂತಳು.

ನಾನು ಮನೆಗೆ ಬಂದಾಗ ಅವಳು ಕೋಟು ಕೂಡ ತೆಗೆಯದೆ ಮೇಜಿನ ಮುಂದೆ ಕೂತಿದ್ದಳು. ಹಸ್ತಪ್ರತಿಯ ತುಂಬ ಕೆಂಪು ಗೆರೆ. ಕೊನೆಯ ಪುಟವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಂದೇ ಗೆರೆ ಎಳೆದು ಹೊಡೆದಿದ್ದಳು. "ಶುರುವಿನಿಂದ ಕೊನೇವರೆಗೂ ಸದ್ದು. ಒಂದು ನಿಮಿಷ ನಿಲ್ಲಲಿಲ್ಲ. ಹುಡುಗಿ ಮನೆಗೆ ಬರೋ ಹೊತ್ತಿಗಂತೂ ಕಾಡಿಗೆ ಗಾಳಿ ಹೊಕ್ಕ ಹಾಗಾಯ್ತು" ಎಂದಳು. ಚಳಿಗೆ ಅಲುಗಾಡಿರಬೇಕು ಎಂದೆ. "ಚಳಿ ನಾವು ಹುಟ್ಟಿದಾಗಿಂದ ಇದೆ ಔರೆಲ್. ಅವಳು ವಾಪಸ್ ಬರೋದನ್ನ ಮಕ್ಕಳು ನಂಬಲಿಲ್ಲ, ಅಷ್ಟೆ. ಬರೆದ ನಾನೇ ನಂಬಿರಲಿಲ್ಲ, ಅವು ಹೇಗೆ ನಂಬ್ತಾವೆ?" ನಾನು ಸಾರಿನ ಬಟ್ಟಲು ತೊಳೆಯುತ್ತಿದ್ದೆ. ತೊಳೆದ ಬಟ್ಟಲನ್ನೇ ಮತ್ತೊಮ್ಮೆ ತೊಳೆದೆ.

ಶುಕ್ರವಾರ ಅವಳು ಒಟ್ಟಾವಕ್ಕೆ ಕಾಗದ ಬರೆದಳು: ನಾಟಕ ಸಿದ್ಧವಿಲ್ಲ, ಸಿದ್ಧವಾಗುವುದೂ ಇಲ್ಲ, ಕ್ಷಮಿಸಿ, ಬೇರೆಯವರನ್ನು ಕರೆಯಿರಿ. ಒಕ್ಕಣೆ ತುಂಬ ಚೆನ್ನಾಗಿತ್ತು. ಲಕೋಟೆ ಅಂಟಿಸಿ ನನ್ನ ಕೈಗೆ ಕೊಟ್ಟು, "ನಾಳೆ ಅಂಚೆಗೆ ಹಾಕಿಬಿಡು. ಇನ್ನು ಮುಂದೆ ಬರೆಯೋದಿಲ್ಲ. ಕಿವಿಗೆ ಕೇಳಿಸೋದನ್ನ ಕೈ ಬರೀತಾ ಇಲ್ಲ ಅಂದ್ರೆ ನಿಲ್ಲಿಸ್ಬೇಕು" ಎಂದಳು. ಅಳಲಿಲ್ಲ, ಕೂಗಾಡಲಿಲ್ಲ. ಬಟ್ಟೆ ಮಡಚಿಡುವ ಹಾಗೆ ಹೇಳಿದಳು. ಟೈಪ್‌ರೈಟರನ್ನು ಎತ್ತಿ ಹೊಲಿಗೆ ಯಂತ್ರದ ಕೆಳಗಿನ ಕಪಾಟಿನಲ್ಲಿಟ್ಟಳು. ಮೇಜು ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಂಚೆಗೆ ಹೋದೆ. ಅಂಚೆ ಕಿಟಕಿ ಈಗಲೂ ದಿನಸಿ ಅಂಗಡಿಯ ಹಿಂದಿನ ಮೂಲೆಯಲ್ಲೇ ಇದೆ. ಸಾಲು ಉದ್ದ ಇತ್ತು, ಪಿಂಚಣಿ ಚೆಕ್ಕು ಬಂದ ವಾರ. ಸಾಲಿನಲ್ಲಿದ್ದ ತಾಯಂದಿರ ಮಕ್ಕಳು ಆಲೂಗೆಡ್ಡೆ ಮೂಟೆಗಳ ಹತ್ತಿರ ಗಲಾಟೆ ಮಾಡುತ್ತಿದ್ದವು. ಬಡಗಿಯ ಮನೆಯ ಆರು ವರ್ಷದ ಜೊಯೆಲ್ ಮೂಟೆಯ ಮೇಲೆ ಅಂಗಾತ ಮಲಗಿ, ಕರುಳು ಹೊರಗೆ ಬರುವ ಹಾಗೆ ಕೆಮ್ಮುತ್ತಿದ್ದ. ಒಬ್ಬ ಹುಡುಗಿ ತನ್ನ ಕೈಗವಸನ್ನು ಅವನ ಎದೆಗೆ ಅಮುಕಿ, "ಸುಮ್ನೆ ಬಿದ್ಕೋ ಮುದುಕಪ್ಪಾ, ಉರಿಯತ್ತೆ ಅಂದ್ರೆ ಕೆಲಸ ಮಾಡ್ತಿದೆ ಅಂತ" ಎಂದಳು. ಅದು ನಾಟಕದ ಮಾತು, ಅಕ್ಷರಕ್ಕೆ ಅಕ್ಷರ. ಅಮ್ಮ ಆ ಸಾಲನ್ನು ಕೆಂಪು ಗೆರೆಯಲ್ಲಿ ಹೊಡೆದಿದ್ದಳು. "ಏ ಜೊಯೆಲ್, ಏಳೋ, ಮೂಟೆ ಹರಿದ್ರೆ ನಿಮ್ಮಪ್ಪ ಕೊಡ್ತಾನಾ ದುಡ್ಡು?" ಎಂದು ಅವನ ತಾಯಿ ಸಾಲಿನಿಂದಲೇ ಗದರಿದಳು. ಜೊಯೆಲ್, "ನನಗಿನ್ನೂ ವಾಸಿಯಾಗಿಲ್ಲ" ಎಂದ. ಆಮೇಲೆ ವಾಸಿ ಮಾಡಿಕೊಂಡು ಎದ್ದ. ಎದ್ದಾಗ ಅವನ ಬಟ್ಟೆ ಸದ್ದು ಮಾಡಿತು.

ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಾಗಿ ಹೊಲಿದ, ಒಳಗೆ ದಪ್ಪ ಹತ್ತಿ ತುಂಬಿದ ನೈಲಾನ್ ಚಳಿಯಂಗಿ. ಚಳಿಗಾಲವಿಡೀ ಈ ಊರಿನ ಎಲ್ಲ ಮಕ್ಕಳ ಮೈಮೇಲೂ ಅದೇ. ಕೈ ಎತ್ತಿದರೆ ಸರ್, ಕಾಲು ಮಡಚಿದರೆ ಸರ್, ಉಸಿರಾಡಿದರೂ ಸರ್. ಒಂದು ಮಗುವಿನದು ಇಷ್ಟು. ಬೇರೆ ಆಟಗಳಲ್ಲಿ ಬಾಗಿಲಲ್ಲೇ ಬಿಚ್ಚಿಡುವ ಅದನ್ನು ಗುರುವಾರ ಸಭಾಂಗಣದಲ್ಲಿ ಶಾಲೆಯ ಎಲ್ಲ ಮಕ್ಕಳೂ ಹಾಕಿಕೊಂಡೇ ಕೂತಿದ್ದವು. ದೀಪ ಆರಿದ ಮೇಲೆ ಬಂದು, ಹತ್ತುವ ಮುಂಚೆ ಹೋದ, ನಡುವೆ ಕಣ್ಣು ಮುಚ್ಚಿಕೊಂಡಿದ್ದವಳಿಗೆ ಅದು ಹೇಗೆ ತಿಳಿಯಬೇಕು? ಕಿಟಕಿಯ ಹಿಂದೆ ಕೂತಿದ್ದ ಅಂಚೆಯವರು, "ಮುಂದೆ ಬನ್ನಿ ಮಿಸ್ಯೂ ಗ್ರೆನಿಯೆ, ನಿಂತಲ್ಲೇ ಹೆಪ್ಪುಗಟ್ಟಿದ್ರಾ?" ಎಂದರು. ಅಂಚೆಚೀಟಿ ಕೊಂಡು, ಲಕೋಟೆಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಹೊರಗೆ ಬಂದೆ.

ಊಹೆಯನ್ನು ಸುದ್ದಿ ಎಂದು ಅಚ್ಚು ಹಾಕಬಾರದೆಂಬುದು ನನ್ನ ಹಳೆಯ ಅಭ್ಯಾಸ. ಒಂದನೇ ತರಗತಿಯ ಜಿನೆಟ್ ಟೀಚರಿಗೆ ಫೋನ್ ಮಾಡಿದೆ. ಮಕ್ಕಳಿಗೆ ನಾಟಕ ಬೇಜಾರಾಯಿತಾ ಎಂದು ಕೇಳಿದೆ. "ಬೇಜಾರಾ? ನಿನ್ನೆ ಇಡೀ ದಿನ ನನ್ನ ಕ್ಲಾಸಲ್ಲಿ ಇಪ್ಪತ್ತು ಜನ ಕ್ಷಯದ ರೋಗಿಗಳಿದ್ರು ಸರ್, ಲೆಕ್ಕ ಹೇಳಿಕೊಡಕ್ಕೆ ಬಿಡ್ಲಿಲ್ಲ. ಹುಡುಗಿ ಮನೆಗೆ ಬಂದಾಗ ಎಲ್ಲಾ ಕೈ ಮೇಲೆತ್ತಿ ಕುಣಿದ್ವು. ಕೈಗವಸು ಹಾಕ್ಕೊಂಡು ಚಪ್ಪಾಳೆ ತಟ್ಟಿದ್ರೆ ಸದ್ದು ಬರುತ್ತಾ? ಬರೀ ಅಂಗಿ ಸದ್ದೇ." ಇದನ್ನು ನಾನೇ ಅಮ್ಮನಿಗೆ ಹೇಳಬಹುದಿತ್ತು. ಹೇಳಿದ್ದರೆ ಸಮಾಧಾನ ಮಾಡಲು ಕತೆ ಕಟ್ಟುತ್ತಿದ್ದೇನೆ ಎನ್ನುತ್ತಿದ್ದಳು. ಅದಕ್ಕೇ ಬುಧವಾರ ಮಧ್ಯಾಹ್ನ ಇಡೀ ತರಗತಿಯನ್ನು ನಮ್ಮ ಮನೆಗೆ ಕರೆತರಲು ಜಿನೆಟ್‌ಗೆ ಹೇಳಿದೆ. ಅಮ್ಮನಿಗೆ, ಮಕ್ಕಳು ಲೇಖಕಿಯ ಮನೆ ನೋಡಲು ಬರುತ್ತಾರಂತೆ ಎಂದೆ. "ಲೇಖಕಿ ಇಲ್ಲ, ಬಿಸ್ಕತ್ತು ಇದೆ ಅಂತ ಹೇಳು" ಎಂದಳು.

ಬುಧವಾರ ಬಸ್ಸು ಬಂತು. ಮಕ್ಕಳು ಬಾಗಿಲ ಬಳಿಯ ಕಿರುಕೋಣೆಗೆ ನುಗ್ಗಿದವು, ಬೂಟು ಕಳಚಲು ಒಂದರ ಮೇಲೊಂದು ಬಿದ್ದವು. ಇಪ್ಪತ್ತು ಚಳಿಯಂಗಿ ಒಟ್ಟಿಗೆ ಬಿಚ್ಚುವ ಸದ್ದು. ಅಮ್ಮ ಬಿಸ್ಕತ್ತಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದವಳು ನಡುಮನೆಯಲ್ಲಿ ನಿಂತಳು. ಕಣ್ಣು ಮುಚ್ಚಿದಳು. ತಟ್ಟೆ ಹಿಡಿದುಕೊಂಡೇ ಕೊನೆಯ ಅಂಗಿ ಕಳಚುವವರೆಗೂ ಕೇಳಿಸಿಕೊಂಡಳು. ಸದ್ದು ನಿಂತಿತು, ಉಣ್ಣೆಯ ಕಾಲುಚೀಲದ ಮಕ್ಕಳು ಒಳಗೆ ಬಂದವು. ಅವಳು ಕಣ್ಣು ತೆರೆದು ನನ್ನನ್ನು ನೋಡಿ, "ಒವಿಲಾನ ಬಾಯ್ಲರಿಗೆ ಬೆಂಕಿ ಬೀಳ" ಎಂದಳು. ಬಾಯ್ಲರಿಗೆ ಬೆಂಕಿ ಬೀಳದೆ ಇದ್ದದ್ದೇ ತೊಂದರೆಯಾದದ್ದು ಎಂದೆ. ನಗಲಿಲ್ಲ, ಆದರೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹಸ್ತಪ್ರತಿ ತಂದಳು.

ಜಿನೆಟ್ ಓದಿದಳು, ಹೊಡೆದ ಸಾಲುಗಳನ್ನೂ ಸೇರಿಸಿ. ಅಮ್ಮ ಮಹಡಿ ಮೆಟ್ಟಿಲ ಮೇಲೆ, ಮಕ್ಕಳ ಬೆನ್ನ ಹಿಂದೆ, ಕಣ್ಣು ಮುಚ್ಚಿ ಕೂತಳು. ಮಕ್ಕಳು ನೆಲದ ಮೇಲೆ. ನಮ್ಮ ಮನೆಯ ನೆಲದ ಹಲಗೆ ಬೆಕ್ಕು ನಡೆದರೂ ಕಿರುಗುಡುತ್ತದೆಂದು ನಿನಗೆ ಗೊತ್ತು. ಕಿರುಗುಡಲಿಲ್ಲ. ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಹುಡುಗಿ ಮುದುಕನ ಹಾಸಿಗೆಯ ಪಕ್ಕ ಕೂತು ಹಿಮ ನೋಡುತ್ತಾಳೆ ಎಂಬಲ್ಲಿಗೆ ಬಂದಾಗ ಜಿನೆಟ್ ನಿಲ್ಲಿಸಿದಳು. ಮುಂದಿನ ಪುಟವನ್ನು ಅಮ್ಮ ಅವಳ ಕೈಗೆ ಕೊಟ್ಟೇ ಇರಲಿಲ್ಲ.

ಮಕ್ಕಳು ಕಾದವು. ಆಮೇಲೆ ಜೊಯೆಲ್ ಹಿಂದೆ ತಿರುಗಿ, "ಮದಾಂ ಫ್ಲೊರೆಟ್, ಒಂದು ಪುಟ ಬಿದ್ದೋಗಿದೆ" ಎಂದ. ಇಲ್ಲಪ್ಪ, ಇಷ್ಟೇ ಎಂದಳು ಅಮ್ಮ. "ಇಷ್ಟೇ ಅಲ್ಲ! ಅವಳು ಮನೆಗೆ ಬರ್ತಾಳೆ. ನಾವು ನೋಡಿದೀವಿ." ಬರ್ತಾಳೆ ಅಂತ ನಿನಗೆ ಹೇಗೆ ಗೊತ್ತು, ಅವಳಿಗೆ ಅಲ್ಲೇ ಇಷ್ಟ ಆಗಿದ್ರೆ? ಎಂದು ಅಮ್ಮ ಕೇಳಿದಳು. ನಿಜವಾಗಿಯೇ ಕೇಳಿದಳು, ಮಕ್ಕಳನ್ನು ಪರೀಕ್ಷಿಸುವ ಧ್ವನಿಯಲ್ಲಿ ಅಲ್ಲ. ಜೊಯೆಲ್‌ಗೆ ಅವಳ ದಡ್ಡತನ ನೋಡಿ ಕೋಪವೇ ಬಂತು. "ಇಷ್ಟ ಆದ್ರೆ ಏನೀಗ? ಅವಳ ಐಸ್ ಸ್ಕೇಟು ಮನೇಲೇ ಮೊಳೆಗೆ ನೇತಾಕಿದೆಯಲ್ಲ, ಮೊದಲ್ನೇ ಸೀನಲ್ಲಿ! ಸ್ಕೇಟು ಬಿಟ್ಟು ಯಾರಾದ್ರೂ ಪೂರ್ತಿ ಹೋಗ್ತಾರಾ?" ಅಷ್ಟರಲ್ಲಿ ಉಳಿದವು ಎದ್ದುನಿಂತು, ನಮ್ಮ ನಡುಮನೆಯಲ್ಲೇ ಕೊನೆಯ ಪುಟವನ್ನು ಆಡಿ ತೋರಿಸಿದವು. ನಾಲ್ಕು ಜನ ಹುಡುಗಿಯರು ಒಟ್ಟಿಗೆ ಮನೆಗೆ ಬಂದರು, ಯಾರೂ ಆ ಪಾತ್ರ ಬಿಟ್ಟುಕೊಡಲು ಒಪ್ಪಲಿಲ್ಲ. ಅಮ್ಮ ಕಣ್ಣು ಬಿಟ್ಟುಕೊಂಡು ನೋಡಿದಳು. ತನ್ನ ನಾಟಕವೊಂದನ್ನು ಅವಳು ಕಣ್ಣಿನಿಂದ ನೋಡಿದ್ದನ್ನು ನಾನು ಅದೇ ಮೊದಲು ಕಂಡಿದ್ದು.

ಬಸ್ಸು ಹೋದ ಮೇಲೆ ನಾನು ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅಂಚೆಚೀಟಿ ದುಡ್ಡು ದಂಡ" ಎಂದಳು. ಟೈಪ್‌ರೈಟರು ಕಪಾಟಿನಿಂದ ಹೊರಗೆ ಬಂದಿದೆ. ನಾನು ಈ ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯುತ್ತಿರುವುದು ಅದಕ್ಕೇ, ಮೇಜಿನಲ್ಲಿ ಜಾಗವಿಲ್ಲ. ನಾಟಕ ಒಟ್ಟಾವಕ್ಕೆ ಹೋಗುತ್ತದೆ. ಕೊನೆಯ ಪುಟವೂ ಹೋಗುತ್ತದೆ, ಎರಡು ಸಾಲು ಬದಲಾಗಿ. ಬಾಯ್ಲರ್ ಸರಿಯಾಗಿದೆ, ಮೊನ್ನೆ ಶುಕ್ರವಾರ ಬಿಂಗೊ ಇತ್ತು.

ಹೊಸ ವರ್ಷದ ಬೆಳಿಗ್ಗೆ ನೀನು ಇಲ್ಲಿರಲಿಲ್ಲವಾದ್ದರಿಂದ ನಿನಗೆ ಈ ವರ್ಷದ ಆಶೀರ್ವಾದ ಮಾಡುವುದು ಬಾಕಿಯಿದೆ. ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆಂದು ತಿಳಿದುಕೋ: ಆರೋಗ್ಯವಾಗಿರು, ನಿನ್ನ ರೋಗಿಗಳೂ ಚೆನ್ನಾಗಿರಲಿ, ಕಿವಿ ಮುಚ್ಚಿಕೋ. ಅಮ್ಮ ಮುತ್ತು ಕಳಿಸಿದ್ದಾಳೆ. ಒವಿಲಾ ಕೇಳಿದನೆಂದು ತಿಳಿಸಲು ಹೇಳಿದ.

ನಿನ್ನ ಅಪ್ಪ,
ಔರೆಲ್

ಮರೆತಿದ್ದೆ: ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಇನ್ನೆರಡು ವರ್ಷ ಅಲ್ಲಿಯೇ ಇರುತ್ತೀಯೋ ಇಲ್ಲವೋ ಎಂದು ಮಾರ್ಚ್ ಮಧ್ಯದೊಳಗೆ ನಿನ್ನ ಮೇಲಿನವರಿಗೆ ಹೇಳಬೇಕೆಂದು ನೀನೇ ಬರೆದಿದ್ದೆ. ಅವಳು ಕೇಳುವುದಿಲ್ಲ, ನಾನೂ ಕೇಳುತ್ತಿಲ್ಲ. ನೀನು ಏನೇ ನಿರ್ಧರಿಸಿದರೂ ಆ ಪುಟ ನಾಟಕದಲ್ಲಿರುತ್ತದೆ, ಅದು ಬೇರೆ ವಿಷಯ. ಆದರೆ ಒಟ್ಟಾವದವರು ಕೇಳಿದ ಹಾಳೆಯಲ್ಲಿ, ಮೂರು ಬಡಿತ ಬಡಿಯುವವರ ಹೆಸರಿಗೂ ಒಂದು ಸಾಲು ಇದೆ. ಒವಿಲಾ ಬರುವುದಿಲ್ಲವಂತೆ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಯಾವುದಕ್ಕೂ ಎರಡು ಸಾಲು ಬರೆ. ನಿನ್ನೆ ನೆಲಮಾಳಿಗೆಗೆ ಇಳಿದಿದ್ದೆ. ನಿನ್ನ ಸ್ಕೇಟು ಮೊಳೆಯಲ್ಲೇ ಇದೆ.